ಅಕ್ಷರಕ್ಕೆ 40 ರೂಪಾಯಿ

ಭಾನುವಾರ ಬೆಳಿಗ್ಗೆ ನಮ್ಮ ಮನೆ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪ ಒಂದು ಫೋಟೋ ಹಾಕಿದರು. ಗ್ರಾನೈಟ್ ಬೆಂಚಿನ ನಮೂನೆ. ತಾತನಿಗೆ 84 ವರ್ಷ. ಊರಿನ ಬಸ್‌ಸ್ಟಾಪಿನಲ್ಲಿ ತಮ್ಮ ಹೆಸರಿನ ಬೆಂಚು ಹಾಕಿಸಬೇಕು ಅಂತ ಆರು ತಿಂಗಳಿಂದ ಹಠ. ಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಬಾರದ ಗುಂಪು ಅವತ್ತು ಊಟದ ಹೊತ್ತಿನವರೆಗೂ ನಿಲ್ಲಲಿಲ್ಲ. ಡಿಲೀಟ್ ಆಗಿದ್ದನ್ನು ಬಿಟ್ಟು ಉಳಿದದ್ದು ಇಷ್ಟು.

ದೊಡ್ಡಪ್ಪ: ಬೆಂಚಿನ ಬೆಲೆ ಬೇರೆ. ಕೆತ್ತೋದಕ್ಕೆ ಅಕ್ಷರಕ್ಕೆ 40 ರೂಪಾಯಿ. ಎಲ್ಲರೂ ಸೇರಿ ಹಾಕೋಣ.

ಚಿಕ್ಕಪ್ಪ: ಒತ್ತಕ್ಷರಕ್ಕೆ ಬೇರೆ ಲೆಕ್ಕವಾ ಅಣ್ಣ?

ಅಕ್ಕ: ಬದುಕಿರುವಾಗಲೇ ಹೆಸರು ಕೆತ್ತಿಸೋದಾ? ನಂಗ್ಯಾಕೋ ಸರಿ ಕಾಣಲ್ಲ. ಮಂಡ್ಯ ಕಡೆ ದೇವರ ಫೋಟೋ ಪಕ್ಕ ವಿಶ್ವೇಶ್ವರಯ್ಯನವರ ಫೋಟೋ ಇಟ್ಟ ಮನೆಗಳಿವೆ. ಇಡಿ ಅಂತ ಅವರು ಕೇಳಿದ್ದರಾ?

ಚಿಕ್ಕಪ್ಪ: ಅವರು ಅಣೆಕಟ್ಟು ಕಟ್ಟಿಸಿದವರು ಕಣಮ್ಮ. ನಮ್ಮಪ್ಪ ಕಟ್ಟಿದ್ದು ದನದ ಕೊಟ್ಟಿಗೆ.

ಭಾವ: ಅಣೆಕಟ್ಟಿನ ವಿಷಯವನ್ನೇ ತಗೊಳ್ಳಿ. 1911ರಲ್ಲಿ ಕೆಲಸ ಶುರುವಾಯಿತು. ಮಹಾರಾಜರ ಹೆಸರಲ್ಲಿ ಕೃಷ್ಣರಾಜಸಾಗರ ಅಂದರು. ನಮ್ಮ ಕಡೆ ಹಳಬರು ಇವತ್ತಿಗೂ ಕನ್ನಂಬಾಡಿ ಕಟ್ಟೆ ಅಂತಾರೆ. ನೀರಲ್ಲಿ ಮುಳುಗಿದ ಊರಿನ ಹೆಸರು ಅದು! ಕಲ್ಲಲ್ಲಿ ಏನು ಕೆತ್ತಿದರೂ ಜನ ತಮಗೆ ಬಂದ ಹಾಗೆ ಕರೀತಾರೆ.

ನಾನು: ಕಲ್ಲನ್ನು ಅಷ್ಟು ಹಗುರವಾಗಿ ನೋಡಬೇಡಿ ಭಾವ. ಮದ್ದೂರು ತಾಲ್ಲೂಕಿನ ಆತಕೂರು ಶಾಸನ ಕೇಳಿದ್ದೀರಲ್ವಾ? 950ರ ಆಸುಪಾಸಿನದು. ಮಣಲೆರ ಅನ್ನೋ ವೀರ ಯುದ್ಧದಲ್ಲಿ ಶೌರ್ಯ ತೋರಿದ್ದಕ್ಕೆ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಅನ್ನೋ ಬೇಟೆನಾಯಿಯನ್ನು. ಆ ನಾಯಿ ಹಂದಿ ಜೊತೆ ಕಾದಾಡಿತು. ಎರಡೂ ಸತ್ತವು. ಅದಕ್ಕೊಂದು ಕಲ್ಲು ನೆಟ್ಟು ಭೂಮಿ ಬಿಟ್ಟರು. ಗುಡಿಯ ಗೊರವ, ಅಂದರೆ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಅಂತಲೂ ಬರೆಸಿದ್ದಾರೆ. ಈಗ ಕಲ್ಲು ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಸಾವಿರ ವರ್ಷ ಆದಮೇಲೂ ನಾಯಿ ಹೆಸರು ನಮಗೆ ಗೊತ್ತು.

ಅಕ್ಕ: ಕಾಳಿ ಕೇಳಿ ಹಾಕಿಸಿಕೊಳ್ಳಲಿಲ್ಲವಲ್ಲ. ನಾನು ಹೇಳ್ತಿರೋದೂ ಅದನ್ನೇ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಬ್ಬೆರಳಿನ ಎಮೋಜಿ ಹಾಕಿದೆ.

ಅತ್ತೆ: ಎಲ್ಲರೂ ದೊಡ್ಡ ದೊಡ್ಡ ಮಾತು ಆಡಿದ್ದಾಯಿತಲ್ಲ. ಹೋದ ಪಿತೃಪಕ್ಷದಲ್ಲಿ ಎಡೆ ಇಟ್ಟಾಗ ಏನಾಯಿತು ನೆನಪಿದೆಯಾ? ಗೋಡೆ ಮೇಲಿದ್ದ ಫೋಟೋ ತೋರಿಸಿ ಇವರ ಹೆಸರೇನು ಅಂತ ಅಪ್ಪ ಕೇಳಿದರು. ಮೊಮ್ಮಕ್ಕಳು ಆರು ಜನ ಕೂತಿದ್ದಿರಿ. ಒಬ್ಬರಿಗೂ ಬರಲಿಲ್ಲ. ಅಪ್ಪ ಅವತ್ತು ವಡೆ ಮುಟ್ಟಲಿಲ್ಲ. ಬೆಂಚಿನ ಮಾತು ಎತ್ತಿದ್ದು ಮಾರನೇ ದಿನ.

ಇಪ್ಪತ್ತು ನಿಮಿಷ ಯಾರೂ ಏನೂ ಟೈಪ್ ಮಾಡಲಿಲ್ಲ. ಆ ಆರು ಜನರಲ್ಲಿ ನಾನೂ ಇದ್ದೆ. ಅಕ್ಕನೂ ಇದ್ದಳು.

ಅಕ್ಕ: ದೊಡ್ಡಪ್ಪ, ನಂದು 2000 ಕಳಿಸಿದ್ದೀನಿ. ನೋಡಿ.

ಆಮೇಲೆ ತಾತನ ವಾಯ್ಸ್ ಮೆಸೇಜ್ ಬಂತು. ಹಿಂದೆ ಕೋಳಿ ಕೂಗುತ್ತಿತ್ತು.

ತಾತ: ಇನಿಷಿಯಲ್ ಹಾಕಿ ಮುಗಿಸಬೇಡಿ. ನಮ್ಮಪ್ಪನ ಹೆಸರು ಪೂರ್ತಿ ಇರಲಿ. ಊರಲ್ಲಿ ನನ್ನ ಹೆಸರಿನವರು ಮೂರು ಜನ ಇದ್ದೀವಿ. ಇಲ್ಲದಿದ್ದರೆ ಮೇಲಿನ ಬೀದಿಯವನು ಅದರ ಮೇಲೆ ಕೂತುಕೊಂಡು ಇದು ನಂದೇ ಅಂತಾನೆ.

ದೊಡ್ಡಪ್ಪ: ಪೂರ್ತಿ ಅಂದರೆ ಇನ್ನೂ ಐದು ಅಕ್ಷರ ಆಗುತ್ತೆ.

ಚಿಕ್ಕಪ್ಪ: ಅಣ್ಣ, ಒತ್ತಕ್ಷರದ ಲೆಕ್ಕ ನೀವಿನ್ನೂ ಹೇಳಲಿಲ್ಲ.