ಸಹಾಯ ಬೇಕು: 2147483647ರ ಭಾಜಕಗಳ ಬಗ್ಗೆ ಒಂದು ಹೆಜ್ಜೆ ತಿಳಿಯುತ್ತಿಲ್ಲ

2ರ 31ನೇ ಘಾತದಿಂದ 1 ಕಳೆದರೆ ಸಿಗುವ ಈ ಸಂಖ್ಯೆ ಅವಿಭಾಜ್ಯ ಎಂದು ಗಣಿತಜ್ಞ ಆಯ್ಲರ್ 1772ರಲ್ಲಿ ತೋರಿಸಿದರು. ಆ ತರ್ಕವನ್ನು ಓದುತ್ತಾ ನಡುವೆ ಸಿಕ್ಕಿಕೊಂಡಿದ್ದೇನೆ.

‘ಪ’ ಇದರ ಅವಿಭಾಜ್ಯ ಭಾಜಕ ಎನ್ನೋಣ. ಫರ್ಮಾನ ಕಿರು ಪ್ರಮೇಯದ (‘ಪ’ದಿಂದ ಭಾಗವಾಗದ ಸಂಖ್ಯೆಯ ಪ−1ನೇ ಘಾತವನ್ನು ಅವಿಭಾಜ್ಯ ‘ಪ’ದಿಂದ ಭಾಗಿಸಿದರೆ 1 ಉಳಿಯುತ್ತದೆ) ಪ್ರಕಾರ ಪ−1 ಅನ್ನು 31 ಭಾಗಿಸಬೇಕು. ‘ಪ’ ಬೆಸಸಂಖ್ಯೆಯಾದ್ದರಿಂದ 62 ಕೂಡ ಭಾಗಿಸುತ್ತದೆ. ಇಷ್ಟು ಸಲೀಸು. ಮುಂದೆ, 65536ರ (2ರ 16ನೇ ಘಾತ) ವರ್ಗವನ್ನು ‘ಪ’ದಿಂದ ಭಾಗಿಸಿದರೆ 2 ಉಳಿಯುತ್ತದೆ, ಆದ್ದರಿಂದ ‘ಪ’ವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಮಾತ್ರ ಎನ್ನುತ್ತಾರೆ. ಈ ‘ಆದ್ದರಿಂದ’ ಎಲ್ಲಿಂದ ಬಂತು?

ಎರಡೂ ಸೇರಿದರೆ 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಸಂಖ್ಯೆಗಳನ್ನಷ್ಟೇ 46340ರವರೆಗೆ (2147483647ರ ವರ್ಗಮೂಲ ಸುಮಾರು ಇಷ್ಟೇ) ಪರೀಕ್ಷಿಸಿದರೆ ಸಾಕು, ನಾನೂರೂ ಇಲ್ಲ! ಸಿದ್ಧ ಪ್ರಮೇಯದ ಹೆಸರು ಹೇಳಿ ಮುಗಿಸದೆ, 17 ಅಥವಾ 23ರಂತಹ ಸಣ್ಣ ಉದಾಹರಣೆಯೊಂದಿಗೆ ಯಾರಾದರೂ ಬಿಡಿಸಿ ಹೇಳುವಿರಾ?