ಗುಂಡನ ಬಿಸ್ಕತ್ತು ಮತ್ತು ನನ್ನ ಪ್ಯಾಂಟಿನ ಜೇಬು

ನಾಯಿಗೆ 'ಕೂತ್ಕೋ' ಕಲಿಸಲು ಮನೆಯಲ್ಲೇ ತಿಂಡಿ ಮಾಡುವುದು ಕಷ್ಟದ ಕೆಲಸವೇನಲ್ಲ. ನಾನು ಅದನ್ನು ಕಷ್ಟ ಮಾಡಿಕೊಂಡೆ, ಅಷ್ಟೇ.

ಭಾನುವಾರ ಸೀನ, ಪದ್ದಿ ಇಬ್ಬರೂ ಮನೆಗೆ ಬಂದಾಗ ನಾನು ಬೆಳಿಗ್ಗೆಯಿಂದ ಗೋಧಿ ಹಿಟ್ಟಿಗೆ ಬೇಯಿಸಿದ ಕುಂಬಳಕಾಯಿ, ಮೊಟ್ಟೆ ಕಲಸಿ, ಲಟ್ಟಿಸಿ, ಮೂಳೆ ಆಕಾರದ ಅಚ್ಚಿನಲ್ಲಿ ಒತ್ತಿ, ಓವನ್ನಿನಲ್ಲಿ ಕೆಂಪಗೆ ಮಾಡಿ ತಟ್ಟೆಯಲ್ಲಿ ಜೋಡಿಸಿಟ್ಟಿದ್ದೆ. 24 ಮೂಳೆ. ಒಂದಕ್ಕೊಂದು ಅಳತೆ ತಪ್ಪಿರಲಿಲ್ಲ. ಯಾರಾದರೂ ಹೊಗಳಲಿ ಅಂತ ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ.

ಸೀನ ಒಂದನ್ನೆತ್ತಿ ಮೇಜಿಗೆ ಬಡಿದ. ಟಕ್ ಟಕ್.

"ಇದು ನಾಯಿಗೋ, ಬಾಗಿಲು ಬಡಿದುಕೊಳ್ಳದ ಹಾಗೆ ಸಂದಿಗೆ ಇಡೋದಕ್ಕೋ?"

ಉತ್ತರ ಕೊಡದೆ ಗುಂಡನನ್ನು ಕರೆದೆ. "ಗುಂಡ, ಕೂತ್ಕೋ." ಪುಣ್ಯಾತ್ಮ ಕೂತ. ಮೂಳೆ ಕೊಟ್ಟೆ. ಅದನ್ನು ಕಚ್ಚಿಕೊಂಡು ನೇರವಾಗಿ ಸೋಫಾ ಕೆಳಗೆ ಹೋದ. ಒಳಗಿನಿಂದ ಕರುಂ ಕುರುಂ ಸದ್ದು. ನಾವು ಮೂವರೂ ಸುಮ್ನೆ ಸೋಫಾ ನೋಡುತ್ತ ಕೂತೆವು. ಎರಡು ನಿಮಿಷ ಆಯಿತು. ಆಮೇಲೆ ಉದುರಿದ ಪುಡಿ ಹುಡುಕುವ ಕಾರ್ಯಕ್ರಮ, ಅದಕ್ಕೆ ಇನ್ನೊಂದು ನಿಮಿಷ. ಹೊರಗೆ ಬಂದಾಗ ತಾನು ಯಾರು, ಯಾಕೆ ಕೂತಿದ್ದೆ ಅನ್ನೋದೇ ಅವನಿಗೆ ಮರೆತ ಹಾಗಿತ್ತು.

"ಇದು ಪಾಠ ಅಲ್ಲ ಕಣೋ, ಊಟದ ಬೆಲ್ಲು" ಎಂದಳು ಪದ್ದಿ. ಅವಳು ಮೂರು ನಾಯಿ ಸಾಕಿದವಳು, ಅವಳ ಮುಂದೆ ನಾವು ಬಾಯಿ ಬಿಡುವ ಹಾಗಿಲ್ಲ. "ತುಂಡು ಬಟಾಣಿ ಕಾಳಿನಷ್ಟಿದ್ದರೆ ಸಾಕು. ಮೆತ್ತಗಿರಬೇಕು. ಗುಳುಂ ಅಂತ ನುಂಗಿ ಮತ್ತೆ ನಿನ್ನ ಮುಖ ನೋಡಬೇಕು. ಕೂತ ತಕ್ಷಣ, ಒಂದು ಸೆಕೆಂಡಿನ ಒಳಗೆ ಬಾಯಿಗೆ ಬೀಳಬೇಕು. ನೀನು ಡಬ್ಬಿ ಮುಚ್ಚಳ ತೆಗೀತಾ ಇರುವಾಗ ಅವನು ಎದ್ದು ನಿಂತನಾ, ಆಮೇಲೆ ನೀನು ಕೊಟ್ಟದ್ದು ನಿಂತಿದ್ದಕ್ಕೆ ಕೂಲಿ."

"ಆ ರಷ್ಯಾದ ವಿಜ್ಞಾನಿ ಪಾವ್ಲೋವ್ ಗಂಟೆ ಹೊಡೆದು ನಾಯಿ ಬಾಯಲ್ಲಿ ನೀರೂರಿಸಿಯೇ ನೊಬೆಲ್ ಹೊಡ್ಕೊಂಡ" ಎಂದ ಸೀನ, ತನಗೂ ಏನೋ ಗೊತ್ತು ಅಂತ ತೋರಿಸಬೇಕಲ್ಲ.

"ಗಂಟೆಗಲ್ಲ ಮಾರಾಯ. 1904ರಲ್ಲಿ ಅವನಿಗೆ ಅದು ಬಂದಿದ್ದು ಜೀರ್ಣಕ್ರಿಯೆ ಕುರಿತ ಕೆಲಸಕ್ಕೆ" ಎಂದಳು ಪದ್ದಿ.

"ನೋಡು, ಅವನಿಗೂ ನಾಯಿ ಹೊಟ್ಟೆಯಿಂದಲೇ ಹೆಸರು ಬಂತು!"

ಸೀನ ಲೆಕ್ಕದ ಮನುಷ್ಯ. ದಿನದ ಕ್ಯಾಲೊರಿಯಲ್ಲಿ ತಿಂಡಿಯ ಪಾಲು ನೂರಕ್ಕೆ 10 ದಾಟಬಾರದು ಅಂತ ಪದ್ದಿ ಹೇಳಿದ್ದೇ ತಡ, ಫೋನ್ ತೆಗೆದ. ಗುಂಡ 10 ಕೆಜಿ, ದಿನಕ್ಕೆ ಸುಮಾರು 500 ಕ್ಯಾಲೊರಿ ಬೇಕು ಅಂತ ಇಟ್ಟುಕೊಂಡರೂ ತಿಂಡಿಗೆ ಸಿಗೋದು 50. ನನ್ನ ಒಂದು ಮೂಳೆಯೇ 40ರ ಹತ್ತಿರ ಬಂತು.

"ಅಂದ್ರೆ ದಿನಕ್ಕೆ ಒಂದೇ ಕೂತ್ಕೋ" ಎಂದು ತೀರ್ಪು ಕೊಟ್ಟ. "ಕೈ ಕೊಡು ಅನ್ನೋದಕ್ಕೆ ನಾಳೆ ಬರಬೇಕು."

ಮೂಳೆ ಆಕಾರ ನಾಯಿಗೆ ಬೇಕಿಲ್ಲ, ಬೇಕಾಗಿದ್ದು ನನಗೆ ಅನ್ನೋದು ನಿಧಾನಕ್ಕೆ ತಲೆಗೆ ಹೋಯಿತು. ನಾಯಿ ನಾಲಗೆಯಲ್ಲಿ ರುಚಿಮೊಗ್ಗು ಇರುವುದು ಸುಮಾರು 1700, ನಮಗೆ 9000ದ ಆಸುಪಾಸು. ರುಚಿ ವಿಷಯದಲ್ಲಿ ನಮ್ಮ ಮುಂದೆ ಅದು ಬಡಪಾಯಿ. ಆದರೆ ಮೂಗು? ಅಲ್ಲಿ ನಾವು ಲೆಕ್ಕಕ್ಕೇ ಇಲ್ಲ. ನನ್ನ ಬಿಸ್ಕತ್ತು ಚೆನ್ನಾಗಿ ಕಾಣುತ್ತಿತ್ತು, ವಾಸನೆ ಮಾತ್ರ ರಟ್ಟಿನ ಪೆಟ್ಟಿಗೆಯದು.

ಆಮೇಲೆ ಪದ್ದಿಯೇ ಅಡುಗೆಮನೆಗೆ ನುಗ್ಗಿದಳು. ಕಾಲು ಕೆಜಿ ಕೋಳಿ ಲಿವರ್, ಒಂದು ಮೊಟ್ಟೆ, ಓಟ್ಸ್ ಪುಡಿ ಎರಡು ಹಿಡಿ, ಮಿಕ್ಸಿಗೆ ಹಾಕಿ ತಿರುವಿದ್ದು. ನಾನು ಅಭ್ಯಾಸಬಲದಿಂದ ಬೆಳ್ಳುಳ್ಳಿಗೆ ಕೈ ಹಾಕಿದೆ. ಸೌಟಿನಿಂದ ಕೈ ಮೇಲೆ ಒಂದು ಬಿತ್ತು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣ ಒಡೆಯುತ್ತವಂತೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ಹತ್ತಿರಕ್ಕೂ ತರಬಾರದು. ಕಡಲೆಕಾಯಿ ಬೆಣ್ಣೆ ಹಾಕೋದಾದರೆ ಡಬ್ಬಿ ಮೇಲೆ ಕ್ಸೈಲಿಟಾಲ್ ಅಂತ ಬರೆದಿದೆಯಾ ನೋಡಬೇಕು. ಆ ಸಿಹಿ ಸ್ವಲ್ಪವೇ ಹೋದರೂ ನಾಯಿಯ ಜೀವಕ್ಕೇ ಕುತ್ತು.

ತಟ್ಟೆಯಲ್ಲಿ ತೆಳ್ಳಗೆ ಹರಡಿ 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಚಿಲ್ಲರೆ, ನಡುವೆ ಚಾಕು ಚುಚ್ಚಿದರೆ ಹಸಿ ಅಂಟಬಾರದು. ಆರಿದ ಮೇಲೆ ಚಾಕುವಿನಿಂದ ಉದ್ದಕ್ಕೆ ಅಡ್ಡಕ್ಕೆ ಗೀರಿದರೆ ನೂರಾರು ಪುಟ್ಟ ಚೌಕ. ಮೂರ್ನಾಲ್ಕು ದಿನಕ್ಕಾಗುವಷ್ಟು ಫ್ರಿಜ್ಜಿಗೆ, ಉಳಿದದ್ದು ಫ್ರೀಜರಿಗೆ. ಲಿವರಿನಲ್ಲಿ ಎ ವಿಟಮಿನ್ ಜಾಸ್ತಿ, ಹಾಗಾಗಿ ದಿನಾ ಇದನ್ನೇ ಕೊಡಬಾರದು, ಸುಲಭದ ಪಾಠಕ್ಕೆ ಬೇಯಿಸಿದ ಕ್ಯಾರೆಟ್ ಸಾಕು ಎಂದಳು. ವಾಸನೆ ಬಗ್ಗೆ ಏನು ಹೇಳಲಿ? ಸೀನ ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದ.

ಗುಂಡನ ಅವಸ್ಥೆ ನೋಡಬೇಕಿತ್ತು. ಒಂದು ಚೌಕ ಕೈಗೆ ತೆಗೆದುಕೊಂಡೆ, ಬಾಯಿಂದ ಒಂದಕ್ಷರ ಹೊರಡಿಸಿಲ್ಲ, ಕೂತ. ಕೊಡಲಿಲ್ಲ, ಮಲಗಿದ. ಅದಕ್ಕೂ ಕೊಡಲಿಲ್ಲ, ಎದ್ದು ಬಲಗೈ ಕೊಟ್ಟ, ಎಡಗೈ ಕೊಟ್ಟ, ಒಂದು ಸುತ್ತು ತಿರುಗಿದ. ಪರೀಕ್ಷೆಯಲ್ಲಿ ಪ್ರಶ್ನೆ ಅರ್ಥವಾಗದೆ ಗೊತ್ತಿರೋದನ್ನೆಲ್ಲ ಬರೆದು ಬರುತ್ತಿದ್ದೆವಲ್ಲ, ಥೇಟ್ ಹಾಗೆ.

"ಪೂರ್ತಿ ಕಲಿತ ಮೇಲೆ ಪ್ರತಿ ಸಲ ಕೊಡಬೇಡ" ಎಂದಳು ಪದ್ದಿ. "ಒಮ್ಮೆ ಕೊಡು, ಎರಡು ಸಲ ಬರೀ ಶಭಾಷ್ ಅನ್ನು. ಯಾವಾಗ ಸಿಗುತ್ತೆ ಅಂತ ಗೊತ್ತಿಲ್ಲದಿದ್ದರೆ ಇನ್ನೂ ಮೈಯೆಲ್ಲ ಕಿವಿಯಾಗಿರ್ತಾನೆ."

"ನಮ್ಮ ಬೋನಸ್ ಥರ" ಎಂದ ಸೀನ. ಹೋಗುವಾಗ ಎರಡು ಗಟ್ಟಿ ಮೂಳೆ ಕಟ್ಟಿಸಿಕೊಂಡು ಹೋದ. ಯಾಕೆ ಅಂತ ಕೇಳಲಿಲ್ಲ. ರಾತ್ರಿ ಫೋನ್ ಮಾಡಿ "ಉಪ್ಪು ಕಮ್ಮಿ" ಎಂದ.

ಸಂಜೆ ವಾಕಿಂಗಿಗೆ ಹೋಗುವಾಗ ಲಿವರ್ ಚೌಕಗಳನ್ನು ಹಾಗೇ ಪ್ಯಾಂಟ್ ಜೇಬಿಗೆ ಸುರಿದುಕೊಂಡಿದ್ದೆ. ಸೋಮವಾರ ಆ ಪ್ಯಾಂಟ್ ಮರೆತು ವಾಷಿಂಗ್ ಮಷೀನಿಗೆ ಹೋಯಿತು, ಮನೆಮಂದಿಯ ಬಟ್ಟೆಗಳ ಜೊತೆ. ಮನೆಯಲ್ಲಿ ಏನೇನು ಮಾತು ಬಂತು ಅನ್ನೋದು ಇಲ್ಲಿ ಬೇಡ. ಎರಡು ಸಲ ಮತ್ತೆ ಒಗೆದು ಹಗ್ಗಕ್ಕೆ ಹಾಕಿದ್ದೇವೆ, ನಮ್ಮ ಮೂಗಿಗೆ ಈಗ ಸೋಪಿನ ವಾಸನೆ ಬಿಟ್ಟು ಏನೂ ಇಲ್ಲ. ಗುಂಡ ಮಾತ್ರ ಮಧ್ಯಾಹ್ನದಿಂದ ಆ ಪ್ಯಾಂಟಿನ ಕೆಳಗೆ, ಮುಂಗಾಲು ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ, ಬಲಗಡೆ ಜೇಬನ್ನೇ ನೋಡುತ್ತ ಕೂತಿದ್ದಾನೆ. ಕೂತ್ಕೋ ಅಂತ ಯಾರೂ ಹೇಳಿಲ್ಲ.