ಥರ್ಮೋಡೈನಾಮಿಕ್ಸ್ ತಲೆಗೆ ಹತ್ತುತ್ತಿಲ್ಲ, ನೀವೆಲ್ಲ ಹೇಗೆ ಕಲಿತಿರಿ?

ಡಿಪ್ಲೊಮಾ ಮುಗಿಸಿ ಮೆಕ್ಯಾನಿಕಲ್ ಇಂಜಿನಿಯರಿಂಗ್‌ಗೆ ಲ್ಯಾಟರಲ್ ಎಂಟ್ರಿಯಲ್ಲಿ ಸೇರಿದ್ದೇನೆ. ಮೂರನೇ ಸೆಮ್. ಸೂತ್ರಗಳು ಬಾಯಿಪಾಠ ಇವೆ, ಆದರೆ ಲೆಕ್ಕ ನೋಡಿದರೆ ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗಲ್ಲ. ಓದಿ ದಾಟಿದ ಅಣ್ಣ, ಅಕ್ಕಂದಿರು ದಾರಿ ಹೇಳಿ.

*

ನನಗೂ ಹೀಗೇ ಆಗಿತ್ತು. ಮೊದಲ ಇಂಟರ್ನಲ್ಸ್‌ನಲ್ಲಿ 30ಕ್ಕೆ 7 ಬಂತು. ದಾರಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅಮ್ಮ ಬೇಳೆ ಬೇಯಲು ಇಟ್ಟು, ಮೂರು ಕೂಗು ಆದಮೇಲೆ ಒಲೆ ಆರಿಸು ಅಂದಿದ್ದರು. ಕುಕ್ಕರ್ ನೋಡುತ್ತಾ ನಿಂತಿದ್ದೆ. ವೆಯ್ಟ್ ಕೂತ ಮೇಲೆ ಕೂಗುವ ತನಕ ಒಳಗಿನ ನೀರು, ಆವಿ ಎಲ್ಲೂ ಹೋಗುವುದಿಲ್ಲ. ಶಾಖ ಮಾತ್ರ ಒಳಗೆ ಬರುತ್ತದೆ. ಅದು ಕ್ಲೋಸ್ಡ್ ಸಿಸ್ಟಮ್. ವೆಯ್ಟ್ ಎದ್ದು ಆವಿ ಬುಸ್ ಅಂತ ಹೊರಗೆ ನುಗ್ಗಿತೋ, ಅದೇ ಕುಕ್ಕರ್ ಓಪನ್ ಸಿಸ್ಟಮ್ ಆಯಿತು. ಪಾತ್ರೆ ಒಂದೇ, ಸಮೀಕರಣ ಬೇರೆ!

ಎಂಥಾಲ್ಪಿ ಯಾಕೆ ಬೇಕು ಅಂತ ಗೊತ್ತಾಗಿದ್ದೂ ಆಗಲೇ. ಹೊರಗೆ ಹೋಗುವ ಆವಿ ತನ್ನೊಳಗಿನ ಶಕ್ತಿಯ (ಇಂಟರ್ನಲ್ ಎನರ್ಜಿ) ಜೊತೆಗೆ, ಅದನ್ನು ಹೊರಗೆ ತಳ್ಳಲು ಆದ ಕೆಲಸವನ್ನೂ ಹೊತ್ತುಕೊಂಡು ಹೋಗುತ್ತದೆ. ಎರಡೂ ಸೇರಿದರೆ ಎಂಥಾಲ್ಪಿ.

ಅಂದಿನಿಂದ ಯಾವ ಲೆಕ್ಕವೇ ಇರಲಿ, ಮೊದಲು ಚಿತ್ರ ಬರೆದು ಸುತ್ತ ಚುಕ್ಕೆಗೆರೆಯಲ್ಲಿ ಬೌಂಡರಿ ಎಳೆಯುತ್ತೇನೆ. ಗೆರೆ ದಾಟಿ ಏನು ಬರುತ್ತದೆ, ಏನು ಹೋಗುತ್ತದೆ ಅಂತ ಬಾಣ ಹಾಕುತ್ತೇನೆ. ಸೂತ್ರ ಆಮೇಲೆ. ಪಂಪ್, ಟರ್ಬೈನ್, ನಾಝಲ್ ಎಲ್ಲಕ್ಕೂ ಇದೇ ಕ್ರಮ.

*

ನಾನು ಬಾಯ್ಲರ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮೇಲಿನವರ ಕುಕ್ಕರನ್ನೇ ಇಟ್ಟುಕೊಂಡು ಸ್ಟೀಮ್ ಟೇಬಲ್ (ಯಾವ ಒತ್ತಡದಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಅನ್ನುವ ಪಟ್ಟಿ) ತೆರೆಯಿರಿ. ಕುಕ್ಕರಿನ ಒತ್ತಡ ಗೇಜ್ ಲೆಕ್ಕದಲ್ಲಿ, ಅಂದರೆ ವಾತಾವರಣದ ಒತ್ತಡಕ್ಕಿಂತ ಮೇಲೆ, ಸುಮಾರು 1 ಬಾರ್. ಟೇಬಲ್‌ನಲ್ಲಿರುವುದು ಆಬ್ಸಲ್ಯೂಟ್ ಒತ್ತಡ. ವಾತಾವರಣದ 1 ಬಾರ್ ಸೇರಿಸಿ 2 ಬಾರ್ ಸಾಲು ನೋಡಿದರೆ 120 ಡಿಗ್ರಿ ಸಿಗುತ್ತದೆ. ಸೇರಿಸಲು ಮರೆತರೆ 99.6. ಬೇಳೆ ಬೇಗ ಬೇಯಲು ಕಾರಣವೇ ಆ 20 ಡಿಗ್ರಿ, ಅಲ್ವಾ? ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ, ಅದೂ ಒತ್ತಡದ್ದೇ ಕೆಲಸ.

ಇನ್ನೊಂದು. 1 ಕೆಜಿ ನೀರನ್ನು 25ರಿಂದ 100 ಡಿಗ್ರಿಗೆ ತರಲು ಸುಮಾರು 314 ಕಿಲೋಜೌಲ್ ಸಾಕು. ಅದನ್ನು ಪೂರ್ತಿ ಆವಿ ಮಾಡಲು ಇನ್ನೂ 2257 ಬೇಕು. ಏಳು ಪಟ್ಟು ಜಾಸ್ತಿ! ಆವಿ ತಗುಲಿದ ಸುಟ್ಟಗಾಯ ಯಾಕೆ ಅಷ್ಟು ಆಳ ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು.

*

ಎರಡನೇ ನಿಯಮಕ್ಕೆ (ಯಾವ ಯಂತ್ರವೂ ಪಡೆದ ಶಾಖವನ್ನೆಲ್ಲ ಕೆಲಸವಾಗಿ ಬದಲಿಸಲಾರದು ಅನ್ನುವುದು) ಬಂದಾಗ ಕೆಲ್ವಿನ್ ಮರೆಯಬೇಡಿ. ಆವಿ 540 ಡಿಗ್ರಿ, ಕಂಡೆನ್ಸರ್ 40 ಡಿಗ್ರಿ ಅಂದುಕೊಳ್ಳಿ. 273 ಕೂಡಿಸಿ 813 ಮತ್ತು 313 ಕೆಲ್ವಿನ್ ಹಾಕಿದರೆ ಕಾರ್ನೋ ದಕ್ಷತೆ (ಶಾಖದಲ್ಲಿ ಹೆಚ್ಚೆಂದರೆ ಕೆಲಸವಾಗಬಲ್ಲ ಪಾಲು, 1 − 313/813) ಸುಮಾರು 61%. ಸೆಲ್ಸಿಯಸ್ಸನ್ನೇ ಹಾಕಿದರೆ 92% ಮೀರುತ್ತದೆ, ಅಂಥ ಸ್ಥಾವರ ಎಲ್ಲೂ ಇಲ್ಲ.

ಎಂಟ್ರೊಪಿಗೆ ‘ಅಸ್ತವ್ಯಸ್ತತೆ’ ಅನ್ನುವ ಪದ ಹಿಡಿದು ಸುಮ್ನೆ ಕೂರಬೇಡಿ. 1000 ಕಿಲೋಜೌಲ್ ಶಾಖ 800 ಕೆಲ್ವಿನ್‌ನಿಂದ 300 ಕೆಲ್ವಿನ್‌ಗೆ ಇಳಿಯಿತು ಅನ್ನಿ. ಶಾಖವನ್ನು ಆಯಾ ಕಡೆಯ ಕೆಲ್ವಿನ್ ತಾಪಮಾನದಿಂದ ಭಾಗಿಸಿದರೆ ಎಂಟ್ರೊಪಿ ಬದಲಾವಣೆ ಸಿಗುತ್ತದೆ: ಬಿಸಿ ಕಡೆ ಕಳೆದದ್ದು 1.25 ಕಿಲೋಜೌಲ್/ಕೆಲ್ವಿನ್, ತಣ್ಣನೆ ಕಡೆ ಕೂಡಿದ್ದು 3.33. ಹೊಸದಾಗಿ ಹುಟ್ಟಿದ್ದು 2.08. ಈಗ ಅದೇ ಶಾಖ 310ರಿಂದ 300ಕ್ಕೆ ಇಳಿದರೆ ಎಷ್ಟು ಹುಟ್ಟುತ್ತದೆ, ನೀವೇ ಲೆಕ್ಕ ಹಾಕಿ ಇಲ್ಲಿ ಬರೆಯಿರಿ. ನೋಡುತ್ತೇನೆ.